ಮೈಲಾರಪ್ಪ ಮೇಷ್ಟ್ರು ನಿಲ್ಲದ ಚುನಾವಣೆ

ಕೆಮ್ಮಣ್ಣಿಗೆ ಬಂಗಾರದ ಬೆಲೆ ಬಂದಿದ್ದ ಕಾಲ ಅದು. ಬಳ್ಳಾರಿಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ನಿನ್ನೆ ಮೊನ್ನೆಯವರೆಗೆ ಪಂಕ್ಚರ್ ಅಂಗಡಿ ಮುಂದೆ ಕೂತಿರುತ್ತಿದ್ದವರು ಕಪ್ಪು ಗಾಜಿನ ಕಾರಿನಲ್ಲಿ ಓಡಾಡುತ್ತ, ಪರಿಚಯದವರು ಕಂಡರೆ ಕಿಟಕಿಯನ್ನು ಅರ್ಧ ಮಾತ್ರ ಇಳಿಸುತ್ತಿದ್ದರು. ಅಂಗಡಿಯಲ್ಲಿ ಚೌಕಾಸಿ ಮಾಡಿದರೆ ಮರ್ಯಾದೆ ಹೋಗುತ್ತಿತ್ತು. ಇಂಥ ಊರಿನಲ್ಲಿ ಒಬ್ಬ ಮನುಷ್ಯ ಎದ್ದು ನಿಂತು, "ಇದು ಪುಕ್ಕಟೆ ಸಿಗ್ತೈತ್ರಿ, ದುಡ್ಡು ಕೊಡೋದು ಬ್ಯಾಡ" ಎಂದು ಹೇಳಿಬಿಟ್ಟ. ಆಮೇಲೆ ಏನೇನಾಯಿತು ಎಂಬುದನ್ನು ತಿಳಿಸುವುದು ನನ್ನ ಕರ್ತವ್ಯ. ಮೊದಲಿಂದ ಕೊನೆಯವರೆಗೆ ಕಣ್ಣಾರೆ ಕಂಡವನು ನಾನೊಬ್ಬನೇ, ಮತ್ತು ಇದುವರೆಗೂ ಯಾರೂ ನನ್ನನ್ನು ಕೇಳಿಲ್ಲ.

ಆ ಮನುಷ್ಯ ಮೈಲಾರಪ್ಪ ಮೇಷ್ಟ್ರು, ನಮ್ಮ ಕಾಲೇಜಿನ ಇತಿಹಾಸದ ಅಧ್ಯಾಪಕರು. ನಾನು ದಾದಾಪೀರ್, ಅದೇ ಕಾಲೇಜಿನ ಗ್ರಂಥಪಾಲಕ, ಅವರ ಪಕ್ಕದ ಮನೆಯವನು. ಸಂಗನಕಲ್ಲಿನ ಗುಡ್ಡದಲ್ಲಿ ಸಿಕ್ಕ ಕಲ್ಲುಕೊಡಲಿಗಳ ಬಗ್ಗೆ ಮೇಷ್ಟ್ರು ಮಧ್ಯಾಹ್ನವಿಡೀ ಮಾತಾಡಬಲ್ಲರು. ಕಂಪ್ಯೂಟರಿಗೂ ಅವರಿಗೂ ಇದ್ದ ಸಂಬಂಧ ಒಂದೇ, ಯಾವುದೋ ವಿಚಾರ ಸಂಕಿರಣದಲ್ಲಿ ಕೊಟ್ಟಿದ್ದ ಲ್ಯಾಪ್‌ಟಾಪ್ ಚೀಲ. ಅದರಲ್ಲಿ ಅವರು ಜೋಳದ ರೊಟ್ಟಿ ತರುತ್ತಿದ್ದರು. ಚೀಲವನ್ನು ಹೆಗಲಿಗೆ ಹಾಕಿಕೊಂಡಾಗ ಮಾತ್ರ ಅವರ ನಡಿಗೆಯೇ ಬದಲಾಗುತ್ತಿತ್ತು. ಒಳಗೇನಿದೆ ಎಂದು ಯಾರಾದರೂ ಕೇಳಿದರೆ, "ಸ್ವಲ್ಪ ಕೆಲಸ ಐತ್ರಿ" ಎನ್ನುತ್ತಿದ್ದರು. ಪ್ರಿನ್ಸಿಪಾಲರು ಇದನ್ನು ನಂಬಿದರು. ಆನ್‌ಲೈನ್ ಪಾಠಕ್ಕೆ ಸಾಫ್ಟ್‌ವೇರ್ ಆರಿಸಲು ಸಮಿತಿ ಮಾಡಿದಾಗ ಮೇಷ್ಟ್ರನ್ನೇ ಸಂಚಾಲಕರನ್ನಾಗಿ ಹಾಕಿದರು. ಚೀಲದ ಮಾನ ಉಳಿಸಲು ಮೇಷ್ಟ್ರು ಒಪ್ಪಿಕೊಂಡರು.

ಒಪ್ಪಿಕೊಂಡ ವಾರದಲ್ಲೇ ಹಚ್ಚೊಳ್ಳಿಯಿಂದ ಮಾಬುಬೀ ಬಂದರು. ಅವರ ಮಗಳು ಶಬನಂ ನಮ್ಮಲ್ಲಿ ಎರಡನೇ ವರ್ಷದ ಬಿ.ಎ. ಹುಡುಗಿ ಬೆಳಗಾಗುವ ಮುಂಚೆ ಮನೆ ಬಿಟ್ಟು, ಸಿರುಗುಪ್ಪಕ್ಕೆ ಬಂದು, ಅಲ್ಲಿಂದ ಬಳ್ಳಾರಿ ಬಸ್ಸು ಹತ್ತುತ್ತಿದ್ದಳು. ಬಸ್ಸು ಬಳ್ಳಾರಿಯ ಬಾಗಿಲವರೆಗೆ ಸರಿಯಾಗಿಯೇ ಬರುತ್ತಿತ್ತು. ಅಲ್ಲಿ ಅದಿರಿನ ಲಾರಿಗಳ ಸಾಲಿಗೆ ಸಿಕ್ಕಿತೆಂದರೆ ಕಂಡಕ್ಟರ್ ಇಳಿದು ಚಹಾ ಕುಡಿದು, ತಲೆ ಬಾಚಿಕೊಂಡು ಬಂದರೂ ಒಂದು ಗೇಣು ಸರಿದಿರುತ್ತಿರಲಿಲ್ಲ. ಮೊದಲಿನ ಎರಡು ಪಾಠ ಅವಳಿಗೆ ಎಂದೂ ಸಿಗಲಿಲ್ಲ. ಹಾಜರಿ ಕಡಿಮೆಯಾಗಿ, ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ನೋಟೀಸು ಮನೆಗೆ ಹೋಗಿತ್ತು.

"ಬಸ್ಸಿನಾಗ ಕುಂತಿದ್ದಕ್ಕ ಡಿಗ್ರಿ ಕೊಡೋಹಂಗಿದ್ರ ನನ್ನ ಮಗಳಿಗೆ ಈಗಾಗ್ಲೇ ಎರಡು ಕೊಡಬೇಕಿತ್ರಿ" ಎಂದರು ಮಾಬುಬೀ. "ಪರೀಕ್ಷಿನೇ ಇಲ್ಲಂದಮ್ಯಾಲೆ ಕಾಲೇಜು ಯಾಕ್ರಿ ಸರ್? ಬಿಡಸ್ತೀನಿ."

ಶಬನಂ ತಲೆ ತಗ್ಗಿಸಿ ಚಪ್ಪಲಿಯ ಉಂಗುಷ್ಠ ನೋಡುತ್ತಿದ್ದಳು. ಅವಳು ಬರೆದ ಉತ್ತರಪತ್ರಿಕೆಯನ್ನು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ತೋರಿಸಿದ್ದು ನನಗೆ ನೆನಪಿದೆ. ಮೇಷ್ಟ್ರ ಕಿವಿ ಕೆಂಪಾಯಿತು. ಅವರಿಗೆ ಹಟ ಹಿಡಿದಾಗ ಮೊದಲು ಕೆಂಪಾಗುವುದು ಕಿವಿ.

"ಬಿಡಸಬ್ಯಾಡ್ರಿವಾ. ಒಂದು ತಿಂಗಳು ಟೈಮ್ ಕೊಡ್ರಿ. ಆ ಎರಡು ಪಾಠ ಸಿರುಗುಪ್ಪಕ್ಕೇ ಬರೋಹಂಗ ಮಾಡ್ತೀನಿ. ಅಲ್ಲೇ ಓದಿದ್ರ ಹಾಜರಿ ಕೊಡ್ತೀವಂತ ಪ್ರಿನ್ಸಿಪಾಲರು ಒಪ್ಯಾರ."

"ನನ್ನ ತಮ್ಮ ಅಶ್ಫಾಕಂದು ಸಿರುಗುಪ್ಪ ಬಸ್‌ಸ್ಟ್ಯಾಂಡ್ ಎದುರಿಗೆ ಇಂಟರ್‌ನೆಟ್ ಅಂಗಡಿ ಐತ್ರಿ. ಅಲ್ಲಿ ಬರ್ತೈತಾ?"

"ಬರ್ತೈತಿ" ಎಂದರು ಮೇಷ್ಟ್ರು. ಬರುತ್ತದೋ ಇಲ್ಲವೋ ಆಗ ಅವರಿಗೆ ಗೊತ್ತಿರಲಿಲ್ಲ. ಮಾತು ಕೊಟ್ಟ ಮೇಲೆ ಕಲಿಯಲು ಕೂತರು. ಎರಡು ವಾರ ಕಾಲೇಜಿನ ಕಂಪ್ಯೂಟರ್ ಮುಂದೆ ಎದ್ದದ್ದೇ ಇಲ್ಲ. ಅಷ್ಟರಲ್ಲಿ ಎರಡು ಸಾಫ್ಟ್‌ವೇರ್‌ಗಳು ಸಮಿತಿಯ ಮುಂದೆ ಬಂದವು.

ಒಂದು ಕಂಪನಿಯದು. ಅದನ್ನು ಟೈ ಕಟ್ಟಿದ ಒಬ್ಬ ಮನುಷ್ಯ ರೇಷ್ಮೆ ಸೀರೆ ಇಡುವಂಥ ಡಬ್ಬಿಯಲ್ಲಿ, ಬಂಗಾರದ ಬಣ್ಣದ ರಿಬ್ಬನ್ ಸುತ್ತಿ ತಂದಿದ್ದ. ಅದು ಕಾಲೇಜಿನ ಲ್ಯಾಬಿನಲ್ಲಿ ಮಾತ್ರ ತೆರೆಯುತ್ತಿತ್ತು, ಇನ್ನೂರು ವಿದ್ಯಾರ್ಥಿಗಳ ಹೆಸರಿಗೆ ಮಾತ್ರ, ಅದೂ ಇಂಗ್ಲಿಷಿನಲ್ಲಿ ಮಾತ್ರ. ಇನ್ನೊಂದಕ್ಕೆ ಡಬ್ಬಿಯೇ ಇರಲಿಲ್ಲ. ದೇಶದೇಶದ ಜನ ಸೇರಿ ಮಾಡಿ, ಬೇಕಾದವರು ತೆಗೆದುಕೊಳ್ಳಿ, ಬೇಕಾದಂತೆ ತಿದ್ದಿಕೊಳ್ಳಿ ಎಂದು ಬಿಟ್ಟಿದ್ದರು. ಎಲ್ಲಿ ಬೇಕಾದರೂ ತೆರೆಯುತ್ತಿತ್ತು, ಎಷ್ಟು ಮಂದಿ ಬೇಕಾದರೂ ಓದಬಹುದಿತ್ತು. ಮೇಷ್ಟ್ರು ಅದರಲ್ಲಿ ಕನ್ನಡವನ್ನೂ ಕೂರಿಸಿದ್ದರು.

ಸಭೆಯಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷ ಎರ್ರೆಪ್ಪನವರು ಕೂತಿದ್ದರು. ಬಳ್ಳಾರಿಯ ಬಾಗಿಲಲ್ಲಿ ಬಸ್ಸಿಗೆ ಅಡ್ಡ ನಿಲ್ಲುವ ಲಾರಿಗಳಲ್ಲಿ ಮೂರಕ್ಕೊಂದು ಅವರದೇ. ಅವರ ಕಣ್ಣು ರಿಬ್ಬನ್ ಮೇಲಿತ್ತು.

"ಈ ಎರಡನೇದು ಎಷ್ಟಂತ?"

"ಪುಕ್ಕಟೆ ಸಿಗ್ತೈತ್ರಿ, ದುಡ್ಡು ಕೊಡೋದು ಬ್ಯಾಡ" ಎಂದರು ಮೇಷ್ಟ್ರು.

"ಯಾರು ಕೊಡ್ತಾರ?"

"ಜಗತ್ತಿನ ಜನಾರಿ."

"ಅವರಿಗೆ ಏನು ಬೇಕಂತ?"

"ಏನೂ ಬ್ಯಾಡಂತ್ರಿ."

ಎರ್ರೆಪ್ಪನವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಏಮಯ್ಯಾ ಮೇಷ್ಟ್ರೇ, ಏನರೆ ಬೇಕು ಅನ್ನೋರನ್ನ ನಾನು ಸಂಭಾಳಸ್ತೀನಿ. ಏನೂ ಬ್ಯಾಡ ಅಂತಾರಲ್ಲ, ಅವರು ಬಲು ತುಟ್ಟಿ ಬೀಳ್ತಾರ. ಎರ್ರೆಪ್ಪನ ಕಾಲೇಜಿನಾಗ ಪುಕ್ಕಟೆ ಸಾಮಾನು ಅಂದ್ರ ನಾಳಿ ಜನಾ ನಗ್ತಾರ. ಆದ್ರೂ ನಿಮಗ ಅಷ್ಟು ಆಸೆ ಇದ್ರ ನೂರು ಜನ ತಂದಿತಾಯಿ ಕಡಿಂದ ಸಹಿ ತರ್ರಿ, ನಮಗ ಪುಕ್ಕಟೇದ ಬೇಕು ಅಂತ. ಆಮ್ಯಾಲೆ ನೋಡೋಣು." ಯಾರೂ ಸಹಿ ಹಾಕುವುದಿಲ್ಲ ಎಂಬ ಧೈರ್ಯ ಅವರಿಗಿತ್ತು. ಡಬ್ಬಿಯನ್ನು ಕಾರಿನಲ್ಲಿಟ್ಟುಕೊಂಡು ಹೋದರು.

ಮೇಷ್ಟ್ರು ಸಹಿ ಸಂಗ್ರಹಕ್ಕೊಂದು ಕರಪತ್ರ ಹೊರಡಿಸಲು ನಿಶ್ಚಯಿಸಿದರು. ನಾವಿಬ್ಬರೂ ಹುಸೇನಬಾಷಾನ ಪ್ರೆಸ್ಸಿಗೆ ಹೋದೆವು. ಜಿಲ್ಲಾ ಪಂಚಾಯಿತಿ ಚುನಾವಣೆ ಘೋಷಣೆಯಾಗಿ ಎಂಟು ದಿನವಾಗಿತ್ತು. ಹುಸೇನಬಾಷಾ ಆ ಎಂಟು ದಿನದಲ್ಲಿ ಒಂದೇ ಒಂದು ನಮೂನೆಯ ಕಾಗದ ಅಚ್ಚು ಹಾಕಿದ್ದ. ಅವನ ಕೈ ಬೇರೆ ನಮೂನೆಯನ್ನು ಮರೆತಿತ್ತು.

"ಫೋಟೋ ಕೊಡ್ರಿ ಸರ್."

"ಫೋಟೋ ಯಾಕೋ?"

"ಮಾರಿ ಇಲ್ಲದ ಕರಪತ್ರ ಯಾರು ಓದ್ತಾರ್ರಿ?"

ಮೇಷ್ಟ್ರು ಸ್ವಲ್ಪ ನಾಚಿಕೊಂಡು, ಗೃಹಪ್ರವೇಶದ ದಿನ ಬಾಗಿಲಲ್ಲಿ ನಿಂತು ಬಂದವರಿಗೆ ಕೈ ಮುಗಿಯುತ್ತಿದ್ದ ಫೋಟೋವನ್ನು ಕಿಸೆಯಿಂದ ತೆಗೆದರು. ಅದು ಕಿಸೆಯಲ್ಲಿ ಯಾಕಿತ್ತು ಎಂದು ನಾನು ಕೇಳಲಿಲ್ಲ. ಫೋಟೋ ಚೆನ್ನಾಗಿದೆ ಎಂದು ಹೇಳಿದವನೂ ನಾನೇ. ಈ ಪ್ರಕರಣದಲ್ಲಿ ನನ್ನ ತಪ್ಪು ಇಷ್ಟೇ.

ಮರುದಿನ ಕರಪತ್ರ ಬಂತು. ದುಂಡನೆಯ ಚೌಕಟ್ಟಿನಲ್ಲಿ ಮೇಷ್ಟ್ರು ಕೈಮುಗಿದು ನಿಂತಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ, 'ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಸಮಸ್ತ ಬಂಧುಗಳಲ್ಲಿ ವಿನಂತಿ. ಸಂಪೂರ್ಣ ಉಚಿತ! ನಿಮ್ಮ ಊರಿಗೇ ಬರುತ್ತದೆ! ನಿಮ್ಮೆಲ್ಲರ ಬೆಂಬಲ ಕೋರುವ, ಮೈಲಾರಪ್ಪ.' ಸಾಫ್ಟ್‌ವೇರ್, ಪಾಠ, ಕಾಲೇಜು ಎಂಬ ಮಾತುಗಳೂ ಇದ್ದವು. ಜಾಗ ಸಾಲದೆ ಹುಸೇನಬಾಷಾ ಅವನ್ನು ಪ್ರೆಸ್ಸಿನ ಫೋನ್ ನಂಬರಿನ ಪಕ್ಕ ಸಣ್ಣದಾಗಿ ಹಾಕಿದ್ದ.

ಬಳ್ಳಾರಿಯಲ್ಲಿ ಆ ದಿನಗಳಲ್ಲಿ ಯಾರಾದರೂ ಏನನ್ನಾದರೂ ಪುಕ್ಕಟೆ ಕೊಟ್ಟರೆ ಅದಕ್ಕೆ ಕಾರಣ ಒಂದೇ ಇರುತ್ತಿತ್ತು. ಅದನ್ನು ಎಳೆ ಮಗುವೂ ಬಲ್ಲದು. ಸಂಜೆಯ ಹೊತ್ತಿಗೆ ನಮ್ಮ ಓಣಿಯ ದೊಡ್ಡಬಸಮ್ಮ ಮೇಷ್ಟ್ರ ಮನೆ ಕಟ್ಟೆಯ ಮೇಲೆ ಕೂತಾಗಿತ್ತು.

"ನಿಂತೀರಂತಲ್ರಿ, ಒಂದು ಮಾತು ಹೇಳಬಾರದಿತ್ತಾ? ನಮ್ಮ ಮನ್ಯಾಗ ಐದು ಓಟು ಅದಾವ, ಐದೂ ಕುರುಗೋಡಿನ ಪಟ್ಟಿಯಾಗ. ಉಳಿದೋರು ಕುಕ್ಕರ್ ಕೊಡಾಕತ್ಯಾರ. ನೀವು ಏನು ಕೊಡ್ತೀರಿ?"

"ಪಾಠರಿ" ಎಂದರು ಮೇಷ್ಟ್ರು.

"ಅದನ್ನೂ ಕೊಡ್ರಿ. ಅದರ ಜೋಡಿ ಏನು?"

"ನಾನು ಎಲ್ಲೂ ನಿಂತಿಲ್ರಿ!"

ದೊಡ್ಡಬಸಮ್ಮ ನನ್ನ ಕಡೆ ತಿರುಗಿ ಕಣ್ಣು ಹೊಡೆದರು. "ಮೊದಲು ಎಲ್ಲಾರೂ ಹಿಂಗ ಅಂತಾರ. ಟಿಕೆಟ್ ಇನ್ನೂ ಪಕ್ಕಾ ಆಗಿಲ್ಲೇನೋ, ಪಾಪ."

ಮೇಷ್ಟ್ರ ಹೆಂಡತಿ ಸಾವಂತ್ರಮ್ಮನವರಿಗೆ ಮಾರನೇ ಬೆಳಿಗ್ಗೆ ನಲ್ಲಿಯ ಸಾಲಿನಲ್ಲಿ ಮೊದಲ ಜಾಗ ಸಿಕ್ಕಿತು. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಯಾರೋ ಕೊಡವನ್ನೂ ಎತ್ತಿ ಕೊಟ್ಟರಂತೆ. ಒಳಗೆ ಬಂದು ಕೊಡ ಇಳಿಸಿ, "ನೀವು ನಿಂತಿಲ್ಲಂತ ಊರ ತುಂಬ ಸಾರಿಕೊಂಡು ಹೋಗೋ ಜರೂರು ಏನೈತಿ? ಕೇಳಿದೋರಿಗೆ ಸುಮ್ನ ನಗಬೇಕಪ್ಪಾ" ಎಂದರು. ಮೇಷ್ಟ್ರು ರೊಟ್ಟಿ ಕಟ್ಟಿಸಿಕೊಂಡು ನನ್ನನ್ನು ಕರೆದುಕೊಂಡು ಕುರುಗೋಡಿನ ಬಸ್ಸು ಹತ್ತಿದರು. ಅಲ್ಲಿ ನಮ್ಮ ಕಾಲೇಜಿನ ಮಕ್ಕಳ ಮನೆಗಳು ಬಹಳ. ಮೇಷ್ಟ್ರ ಅತ್ತೆಮನೆಯೂ ಅಲ್ಲೇ.

ಬಸ್ಸಿಂದ ಇಳಿದರೆ ಎದುರಿಗೆ ಹಲಗೆಯವರು, ಒಂದು ಟೆಂಪೋ, ಸೇವಂತಿಗೆ ಹಾರ, ಹಾರದ ಹಿಂದೆ ಸಾವಂತ್ರಮ್ಮನವರ ತಮ್ಮ ಗುರುಸ್ವಾಮಿ. ಕರಪತ್ರ ನಮಗಿಂತ ಮುಂಚೆ ಬಂದಿಳಿದಿತ್ತು.

"ಮಾವಾ, ನನಗ ಹೇಳಲಾರದ ಹೆಂಗ ನಿಂತಿ? ಇರ್ಲಿ, ನಾನು ಎಲ್ಲಾ ನೋಡ್ಕೊಂಡೀನಿ. ಎರಡು ಬೋರ್‌ವೆಲ್, ಒಂದು ಸಮುದಾಯ ಭವನ ಒಪ್ಪಿಕೊಂಡೀನಿ."

"ಲೇ ಗುರುಸ್ವಾಮಿ, ನಾನು ಬಂದಿದ್ದು ಸಹಿ ಕೇಳಾಕ ಲೇ! ನಾನು ನಿಂತಿಲ್ರಪ್ಪೋ, ಕೇಳ್ರಿ ಎಲ್ಲಾರೂ!"

ಗುರುಸ್ವಾಮಿ ಟೆಂಪೋ ಮೇಲೆ ಹತ್ತಿ ಜನರಿಗೆ ವಿವರಿಸಿದ. "ನೋಡ್ರಿ, ನಮ್ಮ ಮಾವ ಎಂಥಾ ಮನುಷ್ಯಾ! ನಿಂತು ಸೈತ ನಿಂತಿಲ್ಲ ಅಂತಾನ. ಒಂದು ಎಳಿ ಗರ್ವ ಐತೇನು?" ಹಲಗೆಯವರು ಬಾರಿಸಿದರು.

ಬೇರೆಯವರಾಗಿದ್ದರೆ ಅಲ್ಲಿಂದಲೇ ವಾಪಸು ಬಸ್ಸು ಹತ್ತುತ್ತಿದ್ದರು. ಮೇಷ್ಟ್ರ ಕಿವಿ ಕೆಂಪಾಗಿತ್ತು. ಹಾರವನ್ನು ತೆಗೆದು ನನ್ನ ಕೊರಳಿಗೆ ಹಾಕಿ, ಚೀಲದಿಂದ ಸಹಿಯ ಹಾಳೆ ತೆಗೆದು, ಊರಬಾಗಿಲ ಅಗಸೆ ಕಟ್ಟೆಯ ಮೇಲೆ ಕೂತು, ಬಂದ ಒಬ್ಬೊಬ್ಬರಿಗೂ ಆನ್‌ಲೈನ್ ಪಾಠ ಎಂದರೇನು ಎಂದು ತಿಳಿಸಿ ಹೇಳಿದರು. ಎಲ್ಲರೂ ತಲೆದೂಗಿ ಕೇಳಿ ಸಹಿ ಹಾಕಿದರು. ಸಹಿಯ ಪಕ್ಕದಲ್ಲಿ ತಮ್ಮ ತಮ್ಮ ಅಹವಾಲನ್ನೂ ಬರೆದರು. ಚರಂಡಿ, ವಿಧವಾ ವೇತನ, ಅಳಿಯನ ವರ್ಗಾವಣೆ. ಒಬ್ಬರು ಎಮ್ಮೆ ಕಳೆದುಹೋಗಿದೆ ಎಂದು ಬರೆದು ಅದರ ಗುರುತನ್ನೂ ಕೊಟ್ಟಿದ್ದರು. ಊಟದ ಹೊತ್ತಿಗೆ ನೂರಲ್ಲ, ಮುನ್ನೂರು ಸಹಿ ಆಗಿದ್ದವು.

ಅಲ್ಲಿಂದ ನಾವು ಸಿರುಗುಪ್ಪಕ್ಕೆ ಹೊರಟೆವು. ಅಶ್ಫಾಕನ ಅಂಗಡಿಯಲ್ಲಿ ಸಾಫ್ಟ್‌ವೇರ್ ನಿಜವಾಗಿ ತೆರೆಯುತ್ತದೆಯೇ ಎಂದು ನೋಡಬೇಕಿತ್ತು. ಸಿರಿಗೇರಿ ಕ್ರಾಸಿನಲ್ಲಿ ಚುನಾವಣೆಯ ತಪಾಸಣಾ ದಳದವರು ಬಸ್ಸು ನಿಲ್ಲಿಸಿದರು. ಅಧಿಕಾರಿಗಳ ಕೈಯಲ್ಲಿ ಮೇಷ್ಟ್ರ ಕರಪತ್ರವಿತ್ತು. ಕರಪತ್ರದ ಮೋರೆಯನ್ನೂ ಸೀಟಿನ ಮೋರೆಯನ್ನೂ ನೋಡಿ, ಚೀಲ ಬಿಚ್ಚಲು ಹೇಳಿದರು. ಆ ಚೀಲದ ಗುಟ್ಟು ಮೊದಲ ಬಾರಿಗೆ ಸಾರ್ವಜನಿಕವಾಗಿ ಬಯಲಾಯಿತು.

"ಇದೇನ್ರಿ?"

"ರೊಟ್ಟಿ ಸರ್. ಮನೀವು ಸ್ವಲ್ಪ, ಅತ್ತಿಮನ್ಯಾಗ ಕಟ್ಟಿದ್ವು ಸ್ವಲ್ಪ."

ಎಣಿಸಿದರು. ಇಪ್ಪತ್ತೆಂಟು. "ಒಬ್ಬ ಮನುಷ್ಯಾಗ ಇಪ್ಪತ್ತೆಂಟು ರೊಟ್ಟಿ?"

"ನಾವಿಬ್ಬರು ಅದೀವ್ರಿ" ಎಂದೆ ನಾನು. ಅಧಿಕಾರಿಗಳು ಹದಿನಾಲ್ಕು ರೊಟ್ಟಿ ಹಿಡಿಸುವ ಮೈಯೇ ಇದು ಎಂಬಂತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಅಶ್ಫಾಕನ ಅಂಗಡಿಗೆಂದು ಮೇಷ್ಟ್ರು ತಂದಿದ್ದ ಸಿ.ಡಿ. ಅವರ ಕೈಗೆ ಸಿಕ್ಕಿತು.

"ಇದರಾಗ ಏನೈತಿ?"

"ಸಾಫ್ಟ್‌ವೇರ್ ಸರ್."

"ಬೆಲಿ ಎಷ್ಟು?"

ನಾನು ಮೇಷ್ಟ್ರ ಕಾಲು ತುಳಿದೆ. ಅವರು ಸುಳ್ಳು ಹೇಳುವ ಪೈಕಿ ಅಲ್ಲ. "ಬೆಲಿ ಇಲ್ರಿ. ಎಲ್ಲಾರಿಗೂ ಪುಕ್ಕಟೆ."

"ಬೆಲಿ ಐತಂದಿದ್ರ ಬಿಲ್ ಕೇಳ್ತಿದ್ದೆ. ಇಲ್ಲ ಅಂತೀರಿ. ಎಲೆಕ್ಷನ್ ಟೈಮಿನಾಗ ಪುಕ್ಕಟೆ ಸಾಮಾನು ಅಂದ್ರ ಆಮಿಷ. ಬರ್ಕೋರಿ." ಗುಮಾಸ್ತರು ಬರೆದುಕೊಂಡರು. ಸಿ.ಡಿ. ಜಪ್ತಿಯಾಯಿತು. ಮಾದರಿಗೆಂದು ನಾಲ್ಕು ರೊಟ್ಟಿಗಳೂ ಶೇಂಗಾ ಚಟ್ನಿ ಸಮೇತ ಜಪ್ತಿಯಾದವು.

ನಾನು ಕುಗ್ಗಿಹೋದೆ. ಮೇಷ್ಟ್ರು ಮಾತ್ರ ಬಸ್ಸಿನ ಕಿಟಕಿಗೆ ಮೊಣಕೈ ಊರಿ, "ಹೋಗ್ಲಿ ಬಿಡೋ ದಾದಾಪೀರ. ಕಂಪನೀದಾಗಿದ್ರ ಇವತ್ತಿಗೆ ಮುಗೀತಿತ್ತು. ಇದನ್ನ ಎಲ್ಲಿ ಕುಂತರೂ ಮತ್ತ ಇಳಿಸ್ಕೋಬಹುದು" ಎಂದರು. ಅಶ್ಫಾಕನ ಅಂಗಡಿಯಲ್ಲಿ ಕೂತು ನಾಲ್ಕು ತಾಸು ಕಾದು ಮತ್ತೆ ಇಳಿಸಿಕೊಂಡರು. ಪಾಠ ತೆರೆಯಿತು, ಕನ್ನಡದಲ್ಲೇ. ಮೇಷ್ಟ್ರು ಅಶ್ಫಾಕನನ್ನು ತಬ್ಬಿಕೊಂಡರು. ಹೊರಗೆ ನಿಂತಿದ್ದವರು ಸಿರುಗುಪ್ಪದ ಮುಸ್ಲಿಮರ ಓಟೆಲ್ಲ ಮೈಲಾರಪ್ಪನ ಕಡೆ ಹೋಯಿತು ಎಂದು ಸುದ್ದಿ ಹಬ್ಬಿಸಿದರು.

ಮಾರನೇ ದಿನ 'ಅಧ್ಯಾಪಕರ ಚೀಲದಲ್ಲಿ ಉಚಿತ ವಸ್ತು' ಎಂದು ಪತ್ರಿಕೆಯಲ್ಲಿ ಬಂತು. ಅದರ ಮಾರನೇ ದಿನ ಎರ್ರೆಪ್ಪನವರಿಂದ ಕರೆ ಬಂತು. ನಾಮಪತ್ರ ಸಲ್ಲಿಸಲು ಎರಡು ದಿನ ಉಳಿದಿತ್ತು. ಮಾಬುಬೀ ಕೊಟ್ಟ ತಿಂಗಳಲ್ಲಿ ಉಳಿದದ್ದು ನಾಲ್ಕು ದಿನ. ಎರ್ರೆಪ್ಪನವರು ಕುರುಗೋಡು ಕ್ಷೇತ್ರದಿಂದ ನಿಲ್ಲುವವರಿದ್ದರು ಎಂಬುದು ಅವರ ಆಫೀಸಿನ ಗೋಡೆಯ ಬ್ಯಾನರ್ ನೋಡಿದಾಗಲೇ ನಮಗೆ ತಿಳಿದದ್ದು. ರಿಬ್ಬನ್ ಡಬ್ಬಿ ಅವರ ಮೇಜಿನ ಮೇಲೆಯೇ ಇತ್ತು.

"ಕುಂದರ್ರಿ ಮೇಷ್ಟ್ರೇ. ನನ್ನ ಎದುರಿಗೇ ನಿಂತೀರಿ. ಇರ್ಲಿ, ಬ್ಯಾಸರಿಲ್ಲ. ಹಿಂದ ಸರೀರಿ."

"ನಾನು ನಿಂತೇ ಇಲ್ರಿ."

"ಒಂದು ಲಾರಿ ಕೊಡ್ತೀನಿ."

"ಇಲ್ರಿ, ನಾನು ಖರೇನ..."

"ಎರಡು. ಡ್ರೈವರ್ ಸಮೇತ."

"ಅಧ್ಯಕ್ಷರೇ, ದೇವರಾಣಿ ನಾನು ನಿಂತಿಲ್ಲ!"

ಎರ್ರೆಪ್ಪನವರ ಹಣೆ ಬೆವರಿತು. ಅವರ ಜೀವಮಾನದಲ್ಲಿ ಇಷ್ಟು ಗಟ್ಟಿ ಕುಳ ಸಿಕ್ಕಿರಲಿಲ್ಲ. "ಕಂಟೋನ್ಮೆಂಟ್‌ನಾಗ ಒಂದು ಸೈಟು. ಇದರ ಮ್ಯಾಲೆ ನನ್ನ ಕೈಲಿ ಆಗಂಗಿಲ್ಲ. ಏನು ಬೇಕು ಬಾಯಿಬಿಟ್ಟು ಹೇಳಿಬಿಡ್ರಿ ಮಾರಾಯರೇ!"

ನಾನು ಮೇಷ್ಟ್ರನ್ನು ನೋಡಿದೆ. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನಾನಾಗಿದ್ದರೆ ಸೈಟು ಎನ್ನುತ್ತಿದ್ದೆ. ಮೇಷ್ಟ್ರ ಕಿವಿ ಕೆಂಪಾಗಿತ್ತು. ಮುನ್ನೂರು ಸಹಿಯ ಹಾಳೆಗಳನ್ನು ಮೇಜಿನ ಮೇಲಿಟ್ಟು, ರಿಬ್ಬನ್ ಡಬ್ಬಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಪುಕ್ಕಟೆ ಸಾಫ್ಟ್‌ವೇರ್ ನಾಳಿಂದ ನಮ್ಮ ಕಾಲೇಜಿನಾಗ ನಡೀಬೇಕ್ರಿ. ಯಾರು ಬೇಕಾದ್ರೂ, ಎಲ್ಲಿ ಬೇಕಾದ್ರೂ ಕುಂತು ಓದಬೇಕು. ಅಷ್ಟ."

"ಅಷ್ಟನಾ?"

"ಅಷ್ಟರಿ."

ಎರ್ರೆಪ್ಪನವರು ಬಹಳ ಹೊತ್ತು ಹಾಳೆಗಳನ್ನು ತಿರುವಿದರು. ಇದರಲ್ಲಿ ಏನೋ ಒಳಸಂಚಿದೆ ಎಂದು ಅವರ ಮುಖವೇ ಹೇಳುತ್ತಿತ್ತು. ಅದೇನೆಂದು ಹೊಳೆಯದೆ ಬರೆದು ಕೊಡಲು ಹೇಳಿದರು. ಮೇಷ್ಟ್ರು ಬರೆದರು: 'ನಾನು ಈ ಚುನಾವಣೆಗಾಗಲಿ, ಮುಂದಿನ ಯಾವ ಚುನಾವಣೆಗಾಗಲಿ ನಿಲ್ಲುವುದಿಲ್ಲ.' ನಾನು ಸಾಕ್ಷಿ ಹಾಕಿದೆ. ಎರ್ರೆಪ್ಪನವರು ಕಾಲೇಜಿನ ಆದೇಶಕ್ಕೆ ಸಹಿ ಹಾಕಿ, ಹೊರಡುವಾಗ ಮೇಷ್ಟ್ರ ಕೈ ಹಿಡಿದು, "ಆ ಎಮ್ಮಿ ಸಿಕ್ತೇನ್ರಿ?" ಎಂದು ಕೇಳಿದರು.

ಪಾಠ ಶುರುವಾಯಿತು. ಮೊದಲ ದಿನ ಶಬನಂ ಸಿರುಗುಪ್ಪದಲ್ಲಿ ಕೂತು ಎರಡೂ ಪಾಠ ಓದಿ, ಕೊನೆಯ ಪ್ರಶ್ನೆಗಳಿಗೆಲ್ಲ ಉತ್ತರ ಬರೆದು, ಆಮೇಲೆ ಆರಾಮಾಗಿ ಬಸ್ಸು ಹತ್ತಿ ಬಂದಳು. ಆದರೆ ತಿಂಗಳ ಕೊನೆಯ ದಿನ ಮಾಬುಬೀ ಮತ್ತೆ ಬಂದರು. ಜೊತೆಗೊಂದು ಚೀಲ ಸೋನಾ ಮಸೂರಿ ಅಕ್ಕಿ ಇತ್ತು. ಆಟೋದವನು ಅದನ್ನು ಮೇಷ್ಟ್ರ ಕಟ್ಟೆಯ ಮೇಲೆ ಇಳಿಸಿದ.

"ಬ್ಯಾಡ್ರಿವಾ, ಇದೆಲ್ಲಾ ಯಾಕ? ಪಾಠ ಪುಕ್ಕಟೆ ಐತಿ."

"ಅದಕ್ಕ ಬಂದೀನ್ರಿ ಸರ್. ಪುಕ್ಕಟೆ ಕೊಟ್ಟಿದ್ದು ಓಟು ಮುಗಿಯೋತನಕ ಇರ್ತೈತಿ. ಹೋದ ಸಲ ನೀರಿನ ಟ್ಯಾಂಕರ್ ಬಂತು, ಓಟಿನ ಮರುದಿನ ನಿಂತಿತು. ಇದೂ ನಿಲ್ತೈತಿ. ಆಮ್ಯಾಲೆ ನಡು ನೀರಿನಾಗ ಬಿಡೋದಕ್ಕಿಂತ ಈಗ ಬಿಡಸೋದು ಚಲೋ. ನೀವು ಇದನ್ನ ತಗೊಂಡ್ರ ನಂಬ್ತೀನಿ. ಇಲ್ಲಾಂದ್ರ ಮಗಳನ್ನ ಕರ್ಕೊಂಡು ಹೊಂಟೆ."

ಶಬನಂ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಎರಡು ಲಾರಿ ಬೇಡವೆಂದವರು, ಕಂಟೋನ್ಮೆಂಟಿನ ಸೈಟು ಬೇಡವೆಂದವರು ಅವಳ ಮುಖವನ್ನು ನೋಡಿದರು. ನೋಡಿ, ಬಾಗಿ, ಅಕ್ಕಿ ಚೀಲಕ್ಕೆ ಕೈ ಹಾಕಿದರು. ಒಬ್ಬರಿಂದ ಏಳಲಿಲ್ಲ. ಇನ್ನೊಂದು ತುದಿ ನಾನು ಹಿಡಿದೆ. ನನ್ನ ಕಣ್ಣು ಒದ್ದೆಯಾಗಿತ್ತು ಎಂದು ಹೇಳಲು ನಾಚಿಕೆಯಿಲ್ಲ. ಮಾಬುಬೀ ಉಸಿರು ಬಿಟ್ಟು, "ಈಗ ಪಕ್ಕಾ ಆತು" ಎಂದು ಮಗಳ ತಲೆ ಸವರಿದರು.

ಎದುರು ಮನೆಯ ಕಿಟಕಿಯಲ್ಲಿ ದೊಡ್ಡಬಸಮ್ಮ ಇದ್ದರು. ಚುನಾವಣೆಯಿಂದ ಹಿಂದೆ ಸರಿಯಲು ಮೇಷ್ಟ್ರು ಏನು ತೆಗೆದುಕೊಂಡರು ಎಂಬ ಚರ್ಚೆ ಓಣಿಯಲ್ಲಿ ನಾಲ್ಕು ದಿನದಿಂದ ನಡೆದಿತ್ತು. ಏನೂ ಇಲ್ಲ ಎಂಬ ಮೇಷ್ಟ್ರ ಮಾತನ್ನು ಯಾರೂ ನಂಬಿರಲಿಲ್ಲ. ಮರುದಿನ ಸಾವಂತ್ರಮ್ಮ ನಲ್ಲಿಗೆ ಹೋದಾಗ ಅವರ ಕೊಡ ಸಾಲಿನ ಕೊನೆಯಲ್ಲಿತ್ತು. ದೊಡ್ಡಬಸಮ್ಮ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು:

"ನಾನು ಕಣ್ಣಾರೆ ನೋಡೀನ್ರೇ. ಬರೇ ಒಂದು ಚೀಲ ಅಕ್ಕಿ! ಅಷ್ಟಕ್ಕ ಹಿಂದ ಸರದಾನ. ಇಂಥಾ ಸೋವಿ ಮನುಷ್ಯಾಗ ನಾವು ಐದು ಓಟು ಹಾಕೋರಿದ್ವಿ."